ಗದ್ದೆ ಕಾಣುವ ರೂಮು

ಬಾಲಿಯಲ್ಲಿ ರೂಮು ಬುಕ್ ಮಾಡುವಾಗ ಎರಡು ದರ ತೋರಿಸಿತು. ಒಂದು ಮಾಮೂಲಿ ರೂಮು, ಇನ್ನೊಂದು ಗದ್ದೆ ಕಾಣುವ ರೂಮು. ಎರಡನೆಯದಕ್ಕೆ ದಿನಕ್ಕೆ 800 ರೂಪಾಯಿ ಜಾಸ್ತಿ. ನಾನು ಹಿಂದೆಮುಂದೆ ನೋಡದೆ ಜಾಸ್ತಿಯದ್ದನ್ನೇ ಒತ್ತಿದೆ. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಗದ್ದೆ ನೋಡಕ್ಕೆ ದುಡ್ಡು ಕೊಡದಾ? ಐವತ್ತು ವರ್ಷ ಪುಕ್ಕಟೆ ನೋಡಿದೀನಲ್ಲೇ ಮಾರಾಯ್ತಿ."

ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮನಿಗೆ 66. ಪಾಸ್‌ಪೋರ್ಟ್ ಮಾಡಿಸಿ ಮೂರು ವರ್ಷವಾಗಿತ್ತು, ಒಂದು ಸೀಲೂ ಬಿದ್ದಿರಲಿಲ್ಲ. 2025ರ ಏಪ್ರಿಲ್ ಕೊನೆಯಲ್ಲಿ ನನಗೆ ಒಂದು ವಾರ ರಜೆ ಸಿಕ್ಕಿತು. ಬೆಂಗಳೂರಿನಿಂದ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಈಗ ನೇರ ವಿಮಾನ ಇದೆ. ಊರಿನಲ್ಲಿ ತಮ್ಮ ಹೋಮ್‌ಸ್ಟೇ ಮಾಡುವ ಯೋಚನೆಯಲ್ಲಿದ್ದ. "ಅಮ್ಮನ್ನ ಕರ್ಕೊಂಡು ಹೋಗು. ಅಲ್ಲಿ ಹೇಗೆ ಮಾಡ್ತಾರೆ ನೋಡ್ಕೊಂಡು ಬರ್ಲಿ" ಅಂದ. ಹೀಗೆ ನಮ್ಮ ಪ್ರವಾಸಕ್ಕೆ ಅಧ್ಯಯನದ ಬಣ್ಣವೂ ಬಂತು.

ಬಾಲಿ ಎಷ್ಟು ದೊಡ್ಡದು ಅಂತ ಅಮ್ಮ ಕೇಳಿದಳು. ಸುಮಾರು 5,780 ಚದರ ಕಿಲೋಮೀಟರ್. ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಚಿಕ್ಕದು. ಅಷ್ಟು ಜಾಗಕ್ಕೆ 2024ರಲ್ಲಿ 63 ಲಕ್ಷ ವಿದೇಶಿ ಪ್ರವಾಸಿಗರು ಬಂದಿದ್ದರು. ಇಡೀ ದ್ವೀಪದ ಜನಸಂಖ್ಯೆಯೇ 44 ಲಕ್ಷದ ಆಸುಪಾಸು. "ಅಂದ್ರೆ ಮನೆಯವರಿಗಿಂತ ನೆಂಟ್ರೇ ಜಾಸ್ತಿ" ಅಂದಳು ಅಮ್ಮ. ಆ ನೆಂಟರ ಲೆಕ್ಕಕ್ಕೆ ನಾವೂ ಇಬ್ಬರು ಸೇರಿದೆವು.

ವಿಮಾನ ಇಳಿದ ಮೇಲೆ ಮೊದಲ ಆಘಾತ ದುಡ್ಡಿನದು. ಅಲ್ಲಿನ ಒಂದು ಲಕ್ಷ ರುಪಿಯಾ ನಮ್ಮ 500 ರೂಪಾಯಿ ಚಿಲ್ಲರೆಗೆ ಸಮ. ವೀಸಾಕ್ಕೆ ತಲೆಗೆ ಐದು ಲಕ್ಷ, ಪ್ರವಾಸಿಗರ ತೆರಿಗೆ ಅಂತ ಒಂದೂವರೆ ಲಕ್ಷ. "ಅಡಿಕೆ ಮಾರಿದ ದುಡ್ಡು ಏರ್‌ಪೋರ್ಟಲ್ಲೇ ಮುಗೀತು" ಅಂತ ಅಮ್ಮ ನಕ್ಕಳು. ಮರುದಿನ 25,000 ಕೊಟ್ಟು ಎಳನೀರು ಕುಡಿಯುವಾಗ ಮಾತ್ರ ನಗಲಿಲ್ಲ.

ಉಬುದ್‌ಗೆ (ನಾವು ಉಳಿದುಕೊಂಡ ಊರು) ಹೋಗುವ ದಾರಿಯುದ್ದಕ್ಕೂ ಪ್ರತಿ ಮನೆಯ ಮುಂದೆ ಒಂದೊಂದು ಬಿದಿರು. ತುದಿ ಬಾಗಿ ರಸ್ತೆಯ ಮೇಲೆ ಬಂದಿತ್ತು. ಬಿದಿರಿನ ಮೈತುಂಬ ತೆಂಗಿನ ಸುಳಿಗರಿಯ ಅಲಂಕಾರ, ಭತ್ತದ ತೆನೆ, ಎಳೆ ತೆಂಗಿನಕಾಯಿ. ಇದಕ್ಕೆ ಪೆಂಜೋರ್ ಅನ್ನುತ್ತಾರೆ. ಗಲುಂಗನ್ ಹಬ್ಬ ಮುಗಿದು ಮೂರು ದಿನವಾಗಿತ್ತು. ಈ ಹಬ್ಬಕ್ಕೆ ಮನೆಯ ಹಿರಿಯರ ಆತ್ಮಗಳು ಇಳಿದು ಬರುತ್ತವಂತೆ. ಹತ್ತು ದಿನ ಇದ್ದು, ಕುನಿಂಗನ್ ದಿನ ಹಳದಿ ಅನ್ನದ ಎಡೆ ಉಂಡು ವಾಪಸ್ ಹೋಗುತ್ತವಂತೆ. ನಾವು ಹೋಗಿದ್ದು ಈ ಎರಡರ ನಡುವೆ. ಅಂದರೆ ಊರಿನಲ್ಲಿ ಎಲ್ಲರ ಮನೆಯಲ್ಲೂ ಅಜ್ಜ ಅಜ್ಜಿಯರು ಬಂದು ಕೂತಿದ್ದ ಹೊತ್ತು. ಈ ಹಬ್ಬಗಳು 210 ದಿನದ ಪಂಚಾಂಗದ ಪ್ರಕಾರ ಬರುವುದರಿಂದ ಕೆಲವು ವರ್ಷ ಎರಡೆರಡು ಸಲ ಬರುತ್ತವೆ. 2025ರಲ್ಲೂ ಏಪ್ರಿಲ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ಬಂತು.

ಇಷ್ಟೆಲ್ಲ ಹೇಳಿದ್ದು ನಮ್ಮ ಡ್ರೈವರ್. ಐವತ್ತರ ಆಸುಪಾಸಿನವರು. ಬಾಲಿಯಲ್ಲಿ ಮಕ್ಕಳಿಗೆ ಹುಟ್ಟಿದ ಕ್ರಮದಲ್ಲಿ ಹೆಸರಿಡುತ್ತಾರೆ. ಮೊದಲನೆಯ ಮಗು ವಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಗಂಡಾದರೂ ಅದೇ, ಹೆಣ್ಣಾದರೂ ಅದೇ. ಪರ್ಯಾಯ ಹೆಸರುಗಳೂ ಒಂದೆರಡು ಇವೆ. ಐದನೆಯದು ಹುಟ್ಟಿದರೆ ಮತ್ತೆ ವಯಾನ್‌ನಿಂದ ಶುರು. ನಮ್ಮ ಡ್ರೈವರ್ ಮನೆಗೆ ಮೂರನೆಯವರು, ಹೆಸರು ನೀವೇ ಊಹಿಸಿಕೊಳ್ಳಿ. ಅವರು ಅಮ್ಮನನ್ನು 'ಇಬು' ಅಂತ ಕರೆದರು. ಇಬು ಅಂದರೆ ಅಮ್ಮ. ಅಮ್ಮ ಅವರನ್ನು 'ತಮ್ಮಾ' ಅಂದಳು. ಅವಳು ಕನ್ನಡದಲ್ಲೇ ಮಾತಾಡಿದಳು, ಅವರು ಇಂಗ್ಲಿಷಿನಲ್ಲಿ. ಮಧ್ಯದಲ್ಲಿ ನಾನು.

ಹೋಟೆಲಿನ ರೂಮಿಗೆ ಹೋಗಿ ಪರದೆ ಸರಿಸಿದೆ. ಗದ್ದೆ ಇತ್ತು. ಅರ್ಧ. ಇನ್ನರ್ಧದಲ್ಲಿ ಕಬ್ಬಿಣದ ಸರಳು, ಸಿಮೆಂಟ್ ಚೀಲ, ಒಂದು ಮಿಕ್ಸರ್. ವೆಬ್‌ಸೈಟಿನ ಫೋಟೋ ಯಾವ ಕಾಲದ್ದೋ ಏನೋ. ಕೆಳಗೆ ಹೋಗಿ ಕೇಳಿದೆ. ಕೌಂಟರ್‌ನಲ್ಲಿದ್ದ ಹುಡುಗ ತುಂಬ ವಿನಯದಿಂದ, ಅದು ಪಕ್ಕದವರ ಜಾಗ, ಈಜುಕೊಳ ಇರುವ ವಿಲ್ಲಾ ಬರುತ್ತಿದೆ ಅಂದ. 800 ರೂಪಾಯಿ ವಾಪಸ್ ಬರಲಿಲ್ಲ. ಒಂದು ತಟ್ಟೆ ಹಣ್ಣು ಬಂತು.

ಅಮ್ಮ ಬಾಲ್ಕನಿಯಲ್ಲಿ ಕೂತು ಹಣ್ಣು ತಿನ್ನುತ್ತಾ ಆ ಅರ್ಧ ಗದ್ದೆಯನ್ನು ನೋಡುತ್ತಿದ್ದಳು.

"ನಟ್ಟಿ ಆಗಿ ಇಪ್ಪತ್ತು ದಿನ ಆಗಿದೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕೆಳಗಿನ ಎರಡು ಮಡಿಗೆ ನೀರಿಲ್ಲ, ನೋಡು. ಬಿರುಕು ಬಿಟ್ಟಿದೆ. ಕಟ್ಟಡದವರು ಕಾಲುವೆ ಮುಚ್ಚಿದಾರೆ."

ನನಗೆ ಹಸಿರು ಕಂಡಿತ್ತು, ಅವಳಿಗೆ ಕಾಲುವೆ ಕಂಡಿತ್ತು. ನನ್ನ ಫೋನಿನಲ್ಲಿ ಆಗಲೇ ಆ ಗದ್ದೆಯ ಹನ್ನೊಂದು ಫೋಟೋ ಇದ್ದವು. ಮಿಕ್ಸರ್ ಬರದ ಹಾಗೆ ತೆಗೆದದ್ದು.

ಎರಡು ದಿನಕ್ಕೆ ಆ ಹೋಟೆಲ್ ಬಿಟ್ಟು ಒಂದು ಮನೆಗೆ ಹೋದೆವು. ಉಬುದ್‌ನಲ್ಲಿ ದೊಡ್ಡ ಮನೆಗಳ ಅಂಗಳದಲ್ಲೇ ಒಂದೆರಡು ಕೋಣೆ ಕಟ್ಟಿ ಬಾಡಿಗೆಗೆ ಕೊಡುವುದು ಸಾಮಾನ್ಯ. ಒಂದೇ ಸೂರಿನ ಮನೆ ಅಲ್ಲ ಅದು. ಗೋಡೆ ಸುತ್ತಿದ ಅಂಗಳದಲ್ಲಿ ಅಡುಗೆಮನೆ ಒಂದು ಕಡೆ, ಮಲಗುವ ಕೋಣೆ ಒಂದು ಕಡೆ, ಜಗಲಿ ಒಂದು ಕಡೆ. ಈಶಾನ್ಯದಲ್ಲಿ ಮನೆದೇವರ ಗುಡಿಗಳು. ಈಶಾನ್ಯ ಅಂತ ಗೊತ್ತಾದ ಕೂಡಲೇ ಅಮ್ಮನಿಗೆ ಸಮಾಧಾನವಾಯಿತು. ಆದರೆ ಅವರ ಲೆಕ್ಕವೇ ಬೇರೆ. ಅವರಿಗೆ ಮುಖ್ಯ ದಿಕ್ಕು ಅಂದರೆ 'ಕಾಜಾ', ಬೆಟ್ಟದ ಕಡೆ, ಮತ್ತು 'ಕೆಲೋಡ್', ಸಮುದ್ರದ ಕಡೆ. ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತಲೇ ದಾರಿ ಹೇಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ಮನೆಯ ಯಜಮಾನಿ ಬೆಳಿಗ್ಗೆ ಜಗಲಿಯಲ್ಲಿ ಕೂತು ಚನಾಂಗ್ ಸಾರಿ ಮಾಡುತ್ತಿದ್ದರು. ಬಾಲಿಗೆ ಹೋದವರೆಲ್ಲ ಇದನ್ನು ನೋಡಿರುತ್ತಾರೆ. ಅಂಗೈ ಅಗಲದ ಗರಿಯ ಬುಟ್ಟಿ, ಅದರಲ್ಲಿ ಹೂವು, ಮೇಲೊಂದು ಊದುಬತ್ತಿ. ಅಂಗಡಿ ಬಾಗಿಲಲ್ಲಿ, ಗುಡಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಎಟಿಎಂ ಮುಂದೆ, ಎಲ್ಲಾ ಕಡೆ. ನಾನು ನಾಲ್ಕೈದು ಸಲ ತುಳಿಯುವುದರಲ್ಲಿದ್ದು ತಪ್ಪಿಸಿಕೊಂಡಿದ್ದೆ.

ಅಮ್ಮ ಹೋಗಿ ಪಕ್ಕದಲ್ಲಿ ಕೂತಳು. ಯಜಮಾನಿ ಸುಳಿಗರಿಯ ಪಟ್ಟಿಯನ್ನು ಮಡಚಿ, ಅಂಚು ಸೇರಿಸಿ, ಬಿದಿರಿನ ಸಣ್ಣ ಸೀಳಿನಿಂದ ಚುಚ್ಚಿ, ಉಳಿದದ್ದನ್ನು ಮುರಿದರು. ಚುಚ್ಚುವುದು, ಮುರಿಯುವುದು. ಟಕ್ ಅಂತ ಒಂದು ಸದ್ದು. ಅಮ್ಮ ಎರಡು ನೋಡಿದಳು, ಮೂರನೆಯದನ್ನು ತಾನೇ ಕೈಗೆತ್ತಿಕೊಂಡಳು. ಹಲಸಿನ ಎಲೆಗೆ ಹಿಡಿಕಡ್ಡಿ ಚುಚ್ಚಿ ಕೊಟ್ಟೆ ಕಟ್ಟಿ ಕಡುಬು ಬೇಯಿಸಿದ ಕೈ ಅದು. ಬುಟ್ಟಿ ತಯಾರಾಯಿತು. ಯಜಮಾನಿ ಅದನ್ನು ತಿರುಗಿಸಿ ನೋಡಿ ನಕ್ಕರು. ಆಮೇಲೆ ಮಾತೇ ಇಲ್ಲದೆ ಇಬ್ಬರೂ ಮೂವತ್ತು ಬುಟ್ಟಿ ಮಾಡಿದರು. ನಾನೂ ಒಂದು ಮಾಡಿದೆ. ಅದನ್ನು ಯಾರೂ ತಿರುಗಿಸಿ ನೋಡಲಿಲ್ಲ.

ಹೂವು ಇಡುವುದಕ್ಕೂ ಕ್ರಮ ಇದೆ. ಬಿಳಿ ಪೂರ್ವಕ್ಕೆ, ಕೆಂಪು ದಕ್ಷಿಣಕ್ಕೆ, ಹಳದಿ ಪಶ್ಚಿಮಕ್ಕೆ, ನೀಲಿ ಅಥವಾ ಹಸಿರು ಉತ್ತರಕ್ಕೆ. ಒಂದೊಂದು ದಿಕ್ಕಿಗೆ ಒಂದೊಂದು ದೇವರು. ಜೊತೆಗೆ ನಾಲ್ಕು ಕಾಳು ಅಕ್ಕಿ, ಕೆಲವೊಮ್ಮೆ ಒಂದು ಬಿಸ್ಕೆಟ್, ಒಂದು ಮಿಠಾಯಿ. ಒಂದರ ಮೇಲೆ ಸಿಗರೇಟೂ ಇತ್ತು. "ಅಜ್ಜ ಸೇದ್ತಿದ್ರೇನೋ" ಅಂದಳು ಅಮ್ಮ. ದೇವರಿಗೆ ಮೇಲಿಡುವುದು ಬೇರೆ, 'ಭೂತ-ಕಾಲ' ಅನ್ನುವ ಕೆಳಗಿನ ಶಕ್ತಿಗಳಿಗೆ ನೆಲದ ಮೇಲಿಡುವುದು ಬೇರೆ. ನೆಲದ ಮೇಲಿಟ್ಟದ್ದನ್ನು ನಾಯಿ, ಕೋಳಿ ಬಂದು ತಿಂದರೂ ಯಾರೂ ಓಡಿಸುವುದಿಲ್ಲ. ಭೂತ ಅನ್ನುವ ಮಾತು ಕೇಳಿ ಅಮ್ಮ ನನ್ನ ಮುಖ ನೋಡಿದಳು. ನಮ್ಮ ತೋಟದ ಮೂಲೆಯಲ್ಲೂ ಒಂದು ಭೂತನ ಕಲ್ಲು ಇದೆ.

ಇದೆಲ್ಲ ಕೇಳಿ 'ಆಹಾ, ಎಂಥಾ ನಿಸರ್ಗದ ಬದುಕು' ಅಂತ ಬರೆಯಬಹುದು. ಆದರೆ ಯಜಮಾನಿಯ ಲೆಕ್ಕದ ಪುಸ್ತಕ ಬೇರೆ ಹೇಳುತ್ತದೆ. ಸುಳಿಗರಿಯ ಬಹುಪಾಲು ಈಗ ಪಕ್ಕದ ಜಾವಾ ದ್ವೀಪದಿಂದ ಲಾರಿಯಲ್ಲಿ ಬರುತ್ತದಂತೆ. ಹಬ್ಬ ಬಂತೆಂದರೆ ದರ ಏರುತ್ತದೆ. ಕೆಲಸಕ್ಕೆ ಹೋಗುವ ಹೆಂಗಸರು ಮಾಡಿದ ಬುಟ್ಟಿಯನ್ನೇ ಮಾರ್ಕೆಟ್ಟಿನಲ್ಲಿ ಕಟ್ಟುಗಟ್ಟಲೆ ಕೊಳ್ಳುತ್ತಾರೆ. ಗಾಂಧಿಬಜಾರಿನಲ್ಲಿ ಮಾವಿನ ಸೊಪ್ಪಿಗೆ ಚೌಕಾಸಿ ಮಾಡುವ ನನಗೆ ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಕಾಣಲಿಲ್ಲ.

ಆ ಜಗಲಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು. ಒಂದೊಂದು ಚೌಕದಲ್ಲೂ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. ಮೇಲೆ 1947 ಅಂತಿತ್ತು. "ಇವರಿಗೂ ನಮ್ಮ ವರ್ಷವೇ ಸ್ವಾತಂತ್ರ್ಯ ಬಂದಿದ್ದಾ?" ಅಂತ ಅಮ್ಮ. ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿದ್ದು 1945ರಲ್ಲಿ. ನನಗೂ ಅರ್ಧ ನಿಮಿಷ ತಲೆ ಓಡಲಿಲ್ಲ. ಆಮೇಲೆ ಹೊಳೆಯಿತು, ಅದು ಶಕ ವರ್ಷ. ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ 1947 ಶುರುವಾಗಿದ್ದು ಮಾರ್ಚ್ 30ರ ಯುಗಾದಿಗೆ. ಅವರದ್ದು ಒಂದು ದಿನ ಮೊದಲು, 29ಕ್ಕೆ. ವಾರಗಳ ಹೆಸರೂ ಅಷ್ಟೇ. ಸೋಮ, ಅಂಗಾರ, ಬುದ, ವ್ರಸ್ಪತಿ, ಸುಕ್ರ. ಅಮ್ಮ ಬೆರಳಿಟ್ಟುಕೊಂಡು ಓದಿಸಿಕೊಂಡಳು.

ಹೊಸ ವರ್ಷದ ಆಚರಣೆ ಮಾತ್ರ ನಮ್ಮದಕ್ಕೆ ತದ್ವಿರುದ್ಧ. ನಾವು ಹೋಳಿಗೆ ಹೊಡೆಯುತ್ತೇವೆ. ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಹಿಂದಿನ ಸಂಜೆ ಓಗೋ-ಓಗೋ ಅನ್ನುವ ದೊಡ್ಡ ದೊಡ್ಡ ರಾಕ್ಷಸ ಗೊಂಬೆಗಳ ಮೆರವಣಿಗೆ, ಗದ್ದಲ. ಮರುದಿನ ಞೆಪಿ. ಬೆಂಕಿ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಹೊರಗೆ ಹೋಗುವಂತಿಲ್ಲ, ಮೋಜು ಮಾಡುವಂತಿಲ್ಲ. 24 ಗಂಟೆ ವಿಮಾನ ನಿಲ್ದಾಣವೂ ಬಂದ್. 2018ರಿಂದ ಮೊಬೈಲ್ ಇಂಟರ್ನೆಟ್ಟೂ ಬಂದ್. ಪ್ರವಾಸಿಗರಿಗೂ ವಿನಾಯಿತಿ ಇಲ್ಲ, ಹೋಟೆಲಿನ ಆವರಣದಲ್ಲೇ ಇರಬೇಕು. ಪ್ರವಾಸೋದ್ಯಮದಿಂದಲೇ ಬದುಕುವ ಊರು, ವರ್ಷಕ್ಕೊಂದು ದಿನ ಪ್ರವಾಸಿಗೆ 'ಸುಮ್ನೆ ಕೂತ್ಕೋ' ಅನ್ನುತ್ತದೆ. ನನಗೆ ಬಾಲಿಯ ಬಗ್ಗೆ ಗೌರವ ಬಂದಿದ್ದು ಇಲ್ಲಿ. ನೋಡಿದ್ದರಿಂದ ಅಲ್ಲ, ಕೇಳಿದ್ದರಿಂದ.

ತಿಂಡಿಯ ಬಗ್ಗೆ ಒಂದೇ ಒಂದು ಹೇಳಿಬಿಡುತ್ತೇನೆ. ರಸ್ತೆ ಬದಿಯಲ್ಲಿ ಮಣ್ಣಿನ ಗುಳಿಕಾವಲಿ, ಕೆಳಗೆ ಸೌದೆ ಒಲೆ, ಗುಳಿಗಳಲ್ಲಿ ಹಸಿರು ಬಣ್ಣದ ಅಕ್ಕಿಹಿಟ್ಟು. ಬೆಂದ ಮೇಲೆ ತೆಂಗಿನತುರಿ ಉದುರಿಸಿ, ಮೇಲೆ ಕಪ್ಪು ಪಾಕ ಸುರಿದು ಕೊಟ್ಟರು. ಹೆಸರು ಲಕ್‌ಲಕ್. ಅಮ್ಮ ಒಂದು ಬಾಯಿಗೆ ಹಾಕಿಕೊಂಡು, "ಗುಳಿಯಪ್ಪ. ಜೋನಿಬೆಲ್ಲ" ಅಂದಳು. ತೀರ್ಪು ಮುಗಿಯಿತು. ಆ ದಿನದಿಂದ ದಿನಾ ಬೆಳಿಗ್ಗೆ ಅಲ್ಲಿಗೇ ಹೋದೆವು.

ಜತಿಲುವಿಹ್‌ಗೆ ಹೋದದ್ದು ನಾಲ್ಕನೆಯ ದಿನ. ಬಾತುಕಾರು ಬೆಟ್ಟದ ಬುಡದಲ್ಲಿ, ಸುಮಾರು 700 ಮೀಟರ್ ಎತ್ತರದಲ್ಲಿರುವ ಗದ್ದೆ ಬಯಲು. ಬಯಲು ಅನ್ನುವುದು ತಪ್ಪು, ಮೆಟ್ಟಿಲು. ಕಣ್ಣು ಹಾಯಿಸಿದಷ್ಟು ದೂರ ಒಂದರ ಕೆಳಗೊಂದು ಮಡಿ. 2012ರಲ್ಲಿ ಯುನೆಸ್ಕೋ ಬಾಲಿಯ ಐದು ಗದ್ದೆ ಪ್ರದೇಶ ಮತ್ತು ಅವುಗಳ ನೀರಿನ ಗುಡಿಗಳನ್ನು ಸೇರಿಸಿ, ಒಟ್ಟು 19,500 ಹೆಕ್ಟೇರನ್ನು ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಅದರಲ್ಲಿ ಇದೂ ಒಂದು. ಆದರೆ ಪಟ್ಟಿಗೆ ಸೇರಿದ್ದು ಬರೀ ಚೆಂದಕ್ಕಲ್ಲ, 'ಸುಬಕ್' ಅನ್ನುವ ಪದ್ಧತಿಗೆ. ಒಂದು ಕಾಲುವೆಯ ನೀರು ಕುಡಿಯುವ ಗದ್ದೆಗಳವರೆಲ್ಲ ಸೇರಿದ ಸಂಘ ಅದು. ಒಂಬತ್ತನೇ ಶತಮಾನದಿಂದ ನಡೆದು ಬಂದದ್ದು. ಅದಕ್ಕೊಬ್ಬ ಮುಖ್ಯಸ್ಥ, ಪೆಕಾಸೆಹ್. ನಟ್ಟಿ ಯಾವಾಗ, ಯಾರಿಗೆ ಎಷ್ಟು ನೀರು, ಕಾಲುವೆ ಹೂಳು ತೆಗೆಯಲು ಯಾರು ಬರಲಿಲ್ಲ, ಅವರಿಗೆ ದಂಡ ಎಷ್ಟು, ಎಲ್ಲ ಸಭೆಯಲ್ಲೇ ತೀರ್ಮಾನ.

ಡ್ರೈವರ್ ನಮ್ಮನ್ನು ಟಿಕೆಟ್ ದಾರಿ ಬಿಟ್ಟು ಅಂಚಿನ ಮೇಲೆ ಕರೆದುಕೊಂಡು ಹೋದರು. ಒಂದು ಕಡೆ ಕಾಲುವೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ. ದಿಮ್ಮಿಯ ಮೇಲೆ ಎರಡು ಕಚ್ಚು, ಒಂದು ಅಗಲ, ಒಂದು ಸಣ್ಣದು. ಆಳ ಒಂದೇ. ಅಗಲದ ಕಚ್ಚಿನಿಂದ ಹೋದ ನೀರು ದೊಡ್ಡ ಹಿಡುವಳಿಗೆ, ಸಣ್ಣದರದ್ದು ಸಣ್ಣ ಹಿಡುವಳಿಗೆ. ಹೊಳೆ ತುಂಬಿದರೂ ಅದೇ ಪಾಲು, ಬತ್ತಿದರೂ ಅದೇ ಪಾಲು. ಮೀಟರಿಲ್ಲ, ಗೇಟಿಲ್ಲ.

ಅಮ್ಮ ಕುಕ್ಕರಗಾಲಿನಲ್ಲಿ ಕೂತು ಆ ಕಚ್ಚಿಗೆ ಬೆರಳಿಟ್ಟು ಅಳೆದಳು. ನಮ್ಮಜ್ಜ ಮತ್ತು ಪಕ್ಕದ ಮನೆಯಜ್ಜ ಹಳ್ಳದ ಕಟ್ಟದ ವಿಷಯಕ್ಕೆ ಏಳು ವರ್ಷ ಮಾತು ಬಿಟ್ಟಿದ್ದರು. ರಾತ್ರಿ ಇವರು ಹೋಗಿ ಸೊಪ್ಪು ಮಣ್ಣು ಹಾಕಿ ನೀರು ತಿರುಗಿಸುವುದು, ಬೆಳಗಿನ ಜಾವ ಅವರು ಹೋಗಿ ಬಿಡಿಸುವುದು. ಮದುವೆಗೂ ಕರೆದಿರಲಿಲ್ಲ.

"ಒಂದು ದಿಮ್ಮಿ ಸಾಕಿತ್ತು" ಅಂದಳು ಅಮ್ಮ. "ನಮ್ಮ ಕಾಡಲ್ಲಿ ಮರ ಇರ್ಲಿಲ್ವಾ?"

ದಿಮ್ಮಿ ಒಂದರಿಂದಲೇ ಆಗುವುದಿಲ್ಲ, ಅದನ್ನು ಯಾರೂ ರಾತ್ರಿ ಕೆತ್ತದ ಹಾಗೆ ನೋಡಿಕೊಳ್ಳಬೇಕಲ್ಲ. ಅದಕ್ಕೇ ಇಲ್ಲಿ ನೀರಿಗೆ ಗುಡಿ ಇದೆ. ಕಾಲುವೆ ಕವಲೊಡೆಯುವಲ್ಲಿ ಒಂದು ಸಣ್ಣ ಗುಡಿ, ಅದರ ಮೇಲೆ ಇನ್ನೊಂದು ದೊಡ್ಡದು. ಬಾಲಿಯ ಬಹಳಷ್ಟು ಗದ್ದೆಗಳಿಗೆ ಎಲ್ಲಕ್ಕಿಂತ ಮೇಲೆ ಬಾತುರ್ ಸರೋವರದ ದೇವಿಯ ಗುಡಿ. ಗದ್ದೆಯ ಮೂಲೆಯಲ್ಲಿ ದೇವಿ ಸ್ರೀಗೆ ಒಂದು ಗೂಡು. ಅವಳು ಭತ್ತದ ದೇವತೆ.

ಇದನ್ನು ಮೂಢನಂಬಿಕೆ ಅಂದುಕೊಂಡ ಕಾಲವೂ ಇತ್ತು. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ, ಗೊಬ್ಬರ, ಔಷಧಿ. ಗುಡಿಯ ದಿನಾಂಕ ಬಿಡಿ, ಆದಷ್ಟು ಸಲ ನಟ್ಟಿ ಮಾಡಿ ಅಂದರು ಸರ್ಕಾರದವರು. ನಮ್ಮೂರಿಗೂ ಐಆರ್-8 ಭತ್ತ ಬಂದಿದ್ದು ಅಮ್ಮನಿಗೆ ನೆನಪಿದೆ. ಬಾಲಿಯಲ್ಲಿ ಮೊದಮೊದಲು ಫಸಲು ಏರಿತು. ಆಮೇಲೆ ಜಿಗಿಹುಳು, ಇಲಿ, ನೀರಿನ ಜಗಳ. ಯಾಕೆ ಹೀಗಾಯಿತು ಅಂತ ಹುಡುಕಿದ್ದು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್. 1980ರ ದಶಕದಲ್ಲಿ ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಜೊತೆ ಸೇರಿ ಅವರು ಕಂಪ್ಯೂಟರ್ ಮಾದರಿ ಮಾಡಿದರು. ವಿಷಯ ಸರಳ. ಅಕ್ಕಪಕ್ಕದ ಗದ್ದೆಗಳು ಒಟ್ಟಿಗೆ ಕೊಯ್ದು ಒಟ್ಟಿಗೆ ಪಾಳು ಬಿದ್ದರೆ ಹುಳುವಿಗೆ ತಿನ್ನಲು ಇರುವುದಿಲ್ಲ, ಸಾಯುತ್ತದೆ. ಆದರೆ ಇಡೀ ಕಣಿವೆ ಒಟ್ಟಿಗೆ ನಟ್ಟಿ ಮಾಡಿದರೆ ಎಲ್ಲರಿಗೂ ಒಂದೇ ಸಲ ನೀರು ಬೇಕು, ಸಾಲುವುದಿಲ್ಲ. ಎಷ್ಟು ಜನ ಒಟ್ಟಿಗೆ, ಎಷ್ಟು ಜನ ಆಮೇಲೆ ಅನ್ನುವ ಹದ ಬೇಕು. ಆ ಹದವನ್ನು ನೀರಿನ ಗುಡಿಗಳು ಮೊದಲೇ ಹಿಡಿದಿದ್ದವು. ಕಂಪ್ಯೂಟರ್ ಹೇಳಿದ ಉತ್ತರವೂ ಹೆಚ್ಚುಕಮ್ಮಿ ಅದೇ.

ನಾವು ನಿಂತಲ್ಲಿ ಕೆಂಪಕ್ಕಿಯ ಹಳೇ ತಳಿ ಇತ್ತು. ಐದಾರು ತಿಂಗಳ ಬೆಳೆ, ಎದೆಮಟ್ಟ ಬರುತ್ತದೆ. ಡ್ರೈವರ್ ಒಂದು ದಂಟನ್ನು ಹಿಡಿದು ಉಬ್ಬಿದ ಜಾಗ ತೋರಿಸಿದರು. ಕೈಯನ್ನು ತಮ್ಮ ಹೊಟ್ಟೆಯ ಮುಂದೆ ದುಂಡಗೆ ಆಡಿಸಿದರು. ನಾನು ಅನುವಾದ ಮಾಡಲು ಬಾಯಿ ತೆರೆಯುವ ಮೊದಲೇ ಅಮ್ಮ "ಹೊಡೆ ತುಂಬಿದೆ. ಬಸುರಿ" ಅಂದಳು. ಈ ಹೊತ್ತಿಗೆ ಅಲ್ಲಿಯೂ ಒಂದು ಪೂಜೆ ಇದೆಯಂತೆ, ಬಸುರಿ ಭತ್ತಕ್ಕೆ. ಅಮ್ಮ ಭೂಮಿ ಹುಣ್ಣಿಮೆಯ ಕತೆ ಶುರು ಮಾಡಿದಳು. ನೂರೊಂದು ಸೊಪ್ಪು, ಕೊಟ್ಟೆ ಕಡುಬು, ಬೆಳಗಿನ ಜಾವದ ಎಡೆ. ಅವರು ಕೇಳುತ್ತಾ ಕೇಳುತ್ತಾ ತಲೆಯಾಡಿಸಿದರು. ಆಮೇಲೆ ಕೇಳಿದರು, "ಇಬು, ನಿಮ್ಮ ಗದ್ದೆಯಲ್ಲಿ ವರ್ಷಕ್ಕೆ ಎಷ್ಟು ಬೆಳೆ?"

ನಾನು ಕನ್ನಡಕ್ಕೆ ತಿರುಗಿಸಿದೆ.

"ಒಂದೇ ಅಂತ ಹೇಳು. ಮಳೆಗಾಲದ್ದು. ಕೆಳಗಿನ ಗದ್ದೆಲಿ ನೀರು ನಿಂತ್ರೆ ಬೇಸಿಗೆದೂ ತೆಗಿತೀವಿ."

ತೆಗಿತೀವಿ. ತೆಗಿತಿದ್ವಿ ಅಲ್ಲ. ನಮ್ಮ ಕೆಳಗಿನ ಗದ್ದೆಗೆ ಅಡಿಕೆ ಹಾಕಿ ಹನ್ನೆರಡು ವರ್ಷವಾಗಿದೆ. ಅಪ್ಪ ತೀರಿಕೊಂಡ ವರ್ಷ ಆಳು ಸಿಗಲಿಲ್ಲ. ನಾನು ಬೆಂಗಳೂರಿನಲ್ಲಿದ್ದೆ, ತಮ್ಮನಿಗೆ ಭತ್ತದ ಲೆಕ್ಕ ಕೂಡಿಬರಲಿಲ್ಲ. ನಾನೇ ಫೋನಿನಲ್ಲಿ 'ಅಡಿಕೆ ಹಾಕಿಬಿಡು, ಯಾಕೆ ಸುಮ್ನೆ ಒದ್ದಾಟ' ಅಂದವಳು. ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿಗೆ ತಿರುಗಿಸಿದೆ.

ಡ್ರೈವರ್‌ಗೂ ಸ್ವಲ್ಪ ಗದ್ದೆ ಇದೆ. ಅವರ ಅಣ್ಣ ತನ್ನ ಪಾಲನ್ನು 25 ವರ್ಷಕ್ಕೆ ಲೀಸಿಗೆ ಕೊಟ್ಟಿದ್ದಾರೆ, ಅಲ್ಲೀಗ ವಿಲ್ಲಾ ಇದೆ. ಇಂಡೋನೇಷ್ಯಾದಲ್ಲಿ ವಿದೇಶಿಯರು ಜಮೀನಿನ ಪೂರ್ತಿ ಒಡೆತನ ಪಡೆಯುವಂತಿಲ್ಲ, ಹಾಗಾಗಿ ಲೀಸು. ಮಗ ಕ್ರೂಸ್ ಹಡಗಿನಲ್ಲಿ ಕೆಲಸಕ್ಕಿದ್ದಾನೆ. "ಅಣ್ಣನ ಮೇಲೆ ಸಿಟ್ಟಾ?" ಅಂತ ಅಮ್ಮ ಕೇಳಿಸಿದಳು. ಅವರು ನಕ್ಕರು. "ಅವನ ನೀರಿನ ಪಾಲು ಏನಾಯಿತು ಅಂತ ಸುಬಕ್ ಸಭೆಯಲ್ಲಿ ಇನ್ನೂ ಮಾತು ನಡೀತಿದೆ" ಅಂದರು.

ವಾಪಸ್ ಬರುವಾಗ ತೆಗಲ್ಲಾಲಾಂಗ್‌ನಲ್ಲಿ ಇಳಿದೆವು. ಇದೂ ಮೆಟ್ಟಿಲು ಗದ್ದೆಯೇ, ಆದರೆ ಉಬುದ್‌ಗೆ ಹತ್ತಿರ, ಹಾಗಾಗಿ ಜಾತ್ರೆ. ಕಣಿವೆಯ ಅಂಚಿನುದ್ದಕ್ಕೂ ಉಯ್ಯಾಲೆ. ಬಾಡಿಗೆಗೆ ಸಿಗುವ ಉದ್ದ ಬಾಲದ ಕೆಂಪು ಗೌನು ಹಾಕಿಕೊಂಡು ಹುಡುಗಿಯರು ಗದ್ದೆಯ ಮೇಲೆ ತೂಗುತ್ತಿದ್ದರು. ಕೆಳಗಿನ ಅಂಚಿನಲ್ಲಿ ಅಲ್ಲಲ್ಲಿ ದುಡ್ಡಿನ ಡಬ್ಬಿ, ರೈತರು ಇಟ್ಟದ್ದು. ಕೆಲವರಿಗೆ ಅದು ಕಿರಿಕಿರಿ, ಬ್ಲಾಗುಗಳಲ್ಲಿ ಬೈದು ಬರೆಯುತ್ತಾರೆ. ಹಿಂದೊಮ್ಮೆ ಇಲ್ಲಿನ ರೈತರು ಗದ್ದೆಯಲ್ಲಿ ತಗಡಿನ ಶೀಟು ನೆಟ್ಟಿದ್ದರಂತೆ. ಬಿಸಿಲಿಗೆ ಅದು ಹೊಳೆದು ಫೋಟೋ ಎಲ್ಲ ಹಾಳು. ರೆಸ್ಟೋರೆಂಟಿನವರು ನಮ್ಮ ಗದ್ದೆ ತೋರಿಸಿ ಕಾಫಿ ಮಾರುತ್ತಾರೆ, ನಮಗೇನು ಸಿಕ್ಕಿತು ಅನ್ನುವುದು ಅವರ ಪ್ರಶ್ನೆ. ಬೈಯುವವರಿಗಿಂತ ತಗಡು ನೆಟ್ಟವರ ಬುದ್ಧಿ ದೊಡ್ಡದು ಅನ್ನಿಸಿತು. ನಾನು ಕೊಟ್ಟ 800 ರೂಪಾಯಿಯಲ್ಲಿ ಬಿರುಕು ಬಿಟ್ಟ ಆ ಎರಡು ಮಡಿಯವನಿಗೆ ಎಷ್ಟು ಹೋಗಿರಬಹುದು? ಅಮ್ಮ ಡಬ್ಬಿಗೆ 20,000 ಹಾಕಿದಳು. ಎಳನೀರಿಗೆ ಚೌಕಾಸಿ ಮಾಡಿದ್ದವಳು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ತಿರ್ತಾ ಎಂಪುಲ್‌ನ ಗುಡಿಯ ಬುಗ್ಗೆ ನೀರಿನಲ್ಲಿ ಮೀಯಲು ಪ್ರವಾಸಿಗರ ದೊಡ್ಡ ಸಾಲು. ಅಮ್ಮ ಅಂಗೈಯಲ್ಲಿ ನೀರು ಹಿಡಿದು ತಲೆಗೆ ಪ್ರೋಕ್ಷಣೆ ಮಾಡಿಕೊಂಡು ಬಂದಳು. "ತಲೆ ಒರೆಸಕ್ಕೆ ಟವೆಲ್ ತಂದಿಲ್ಲ" ಅಂದಳು. ಮುಟ್ಟಾದವರು ಒಳಗೆ ಬರಬಾರದು ಅನ್ನುವ ಬೋರ್ಡು ಅಲ್ಲಿಯೂ ಇತ್ತು, ಆ ವಿಷಯದಲ್ಲೂ ನಾವು ನೆಂಟರೇ. ಉಲುವಾತು ಗುಡಿಯಲ್ಲಿ ಕೋತಿ ನನ್ನ ಕನ್ನಡಕ ಕಿತ್ತುಕೊಂಡು ಹೋಯಿತು. ಅಲ್ಲಿನ ಕೋತಿಗಳು ವ್ಯಾಪಾರಿಗಳು, ತಿನ್ನಲು ಕೊಟ್ಟರಷ್ಟೇ ವಾಪಸ್ ಕೊಡುತ್ತವೆ. ಮಲೆನಾಡಿನ ಕೋತಿಗಳನ್ನು ನೋಡಿದ್ದ ಅಮ್ಮ ತನ್ನ ಕನ್ನಡಕವನ್ನು ಮೊದಲೇ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ಅಲ್ಲೇ ಸಂಜೆ ಕೆಚಕ್ ನೃತ್ಯ ನೋಡಿದೆವು. ಸಮುದ್ರದ ಮೇಲಿನ ಬಂಡೆ, ಸೂರ್ಯ ಮುಳುಗುವ ಹೊತ್ತು, ಹತ್ತಾರು ಗಂಡಸರು ವೃತ್ತವಾಗಿ ಕೂತು 'ಚಕ್ ಚಕ್ ಚಕ್' ಅನ್ನುತ್ತಾರೆ. ವಾದ್ಯವೇ ಇಲ್ಲ. ರಾಮಾಯಣದ ಕತೆ. ಬೆಂಕಿಯ ಮಧ್ಯೆ ಹನುಮಂತ ಹಾರಿದಾಗ ಅಮ್ಮ ಚಪ್ಪಾಳೆ ತಟ್ಟಿದಳು. ಇದು ಸಾವಿರಾರು ವರ್ಷದ ಕಲೆ ಅಂತ ಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ಅಲ್ಲ. ಈ ರೂಪ ಬಂದದ್ದು 1930ರ ದಶಕದಲ್ಲಿ. ಮೈಮೇಲೆ ಬರುವ ಸಂಗ್ಯಾಂಗ್ ಆಚರಣೆಯ ಹಿಮ್ಮೇಳವನ್ನು ತೆಗೆದುಕೊಂಡು, ರಾಮಾಯಣ ಸೇರಿಸಿ, ನರ್ತಕ ವಯಾನ್ ಲಿಂಬಾಕ್ ಮತ್ತು ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಸೇರಿ ಕಟ್ಟಿದ್ದು, ಪ್ರವಾಸಿಗರಿಗೂ ತೋರಿಸಲು ಆಗುವ ಹಾಗೆ. ಇದನ್ನು ಹೇಳಿದಾಗ ಅಮ್ಮನಿಗೆ ಏನೂ ಅನ್ನಿಸಲಿಲ್ಲ. "ಯಾರೋ ಒಬ್ರು ಒಂದಿನ ಶುರು ಮಾಡಿರ್ಬೇಕಲ್ಲ" ಅಂದಳು. ನನಗೂ ವಾದ ಮಾಡಲು ತೋಚಲಿಲ್ಲ.

ಹೊರಡುವ ದಿನ ಡ್ರೈವರ್ ತಮ್ಮ ಮನೆಯಿಂದ ಒಂದು ಭತ್ತದ ತೆನೆ ತಂದು ಅಮ್ಮನಿಗೆ ಕೊಟ್ಟರು. ಅಮ್ಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬಿತ್ತನೆ ಕಾಳು ಹಾಗೆಲ್ಲ ದೇಶ ದಾಟಿಸುವಂತಿಲ್ಲ. ಏರ್‌ಪೋರ್ಟಿನ ಬಾಗಿಲಲ್ಲಿ ಹೇಳಿದೆ. ಅವಳು ನನ್ನ ಜೊತೆ ಜಗಳ ಮಾಡಲಿಲ್ಲ. ಅಲ್ಲೇ ಕಂಬದ ಬುಡದಲ್ಲಿ ಬೆಳಗಿನ ಚನಾಂಗ್ ಒಂದಿತ್ತು, ಊದುಬತ್ತಿ ಆರಿತ್ತು. ತೆನೆಯನ್ನು ಅದರ ಮೇಲಿಟ್ಟಳು.

ತಮ್ಮ ಹೋಮ್‌ಸ್ಟೇ ಬಗ್ಗೆ ಕೇಳಿದ. ಬಾತ್‌ರೂಮು ಹೇಗಿತ್ತು, ಬೆಳಿಗ್ಗೆ ತಿಂಡಿಗೆ ಏನು ಕೊಟ್ಟರು, ಎಷ್ಟು ತಗೊಂಡರು. ನಾನು ಎಲ್ಲ ಹೇಳಿದೆ. ಅಮ್ಮ ಹೇಳಿದ್ದು ಒಂದೇ, "ಬರೋರಿಗೆ ಎಂತ ತೋರಿಸ್ತೀಯ?" ತಮ್ಮ "ತೋಟ" ಅಂದ. ಅಲ್ಲಿಗೆ ಮಾತು ನಿಂತಿತು.

ಅಕ್ಟೋಬರ್‌ನಲ್ಲಿ ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಗದ್ದೆ ಹೋದ ಮೇಲೂ ನಮ್ಮಲ್ಲಿ ಎಡೆ ತಪ್ಪಿಲ್ಲ, ಈಗ ಅಡಿಕೆ ಮರದ ಬುಡದಲ್ಲಿ. ರಾತ್ರಿಯಿಡೀ ಅಡುಗೆ. ಬೆಳಗಿನ ಜಾವ ನಾಲ್ಕಕ್ಕೆ ನಾನು ಅಡುಗೆಮನೆಗೆ ಬಂದರೆ ಅಮ್ಮ ಕಡುಬಿನ ಕೊಟ್ಟೆಗಳ ಪಕ್ಕದಲ್ಲಿ ತೆಂಗಿನ ಗರಿಯ ಸಣ್ಣ ಬುಟ್ಟಿಗಳನ್ನು ಸಾಲಾಗಿ ಇಟ್ಟಿದ್ದಳು. ಒಂಬತ್ತು ಇದ್ದವು. ಹಿಡಿಕಡ್ಡಿಯ ತುದಿಗಳು ನೀಟಾಗಿ ಮುರಿದಿದ್ದವು.

"ಇದ್ಯಾಕೆ?" ಅಂತ ತಮ್ಮ ಕಣ್ಣು ಉಜ್ಜಿಕೊಂಡು ಬಂದ.

"ಇರ್ಲಿ ಬಿಡೋ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಕೈಯಲ್ಲಿ ನಂದಿಬಟ್ಟಲು ಹಿಡಿದುಕೊಂಡೇ ಕೇಳಿದಳು, "ಬಿಳಿದು ಪೂರ್ವಕ್ಕಾ, ಪಶ್ಚಿಮಕ್ಕಾ? ಮರ್ತೇ ಹೋಯ್ತಲ್ಲೇ."